ಹನ್ನೆರಡು ಬಳೆ, ಇಪ್ಪತ್ತನಾಲ್ಕು ಪುಟ: ನಿಮ್ಮದೇ ದೆವ್ವದ ಕಾಮಿಕ್ಸ್ ಮಾಡುವ ಬಗೆ

ನಮ್ಮೂರ ಕೆರೆ ಏರಿಯ ಪಕ್ಕ ಒಂದು ಮಾಸ್ತಿಕಲ್ಲು ಇದೆ. ನೀವೂ ಇಂಥದ್ದನ್ನು ನೋಡಿರುತ್ತೀರಿ, ಕರ್ನಾಟಕದ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಕಲ್ಲಿನ ಮೇಲೆ ಒಂದು ಕಂಬ ಕೆತ್ತಿರುತ್ತಾರೆ. ಆ ಕಂಬದಿಂದ ಒಂದೇ ಒಂದು ಕೈ ಹೊರಗೆ ಚಾಚಿ, ಮೊಣಕೈ ಮಡಚಿ ಮೇಲಕ್ಕೆ ಎದ್ದಿರುತ್ತದೆ. ಕೈ ತುಂಬ ಬಳೆ. ಗಂಡ ಸತ್ತಾಗ ಚಿತೆಗೆ ಹೋದ ಹೆಂಗಸಿನ ಗುರುತು ಅದು. ಮಹಾಸತಿ ಎನ್ನುವುದೇ ಬಾಯಿಂದ ಬಾಯಿಗೆ ಸವೆದು ಮಾಸ್ತಿ ಆಗಿದೆ. ಊರಿನವರು ಅದಕ್ಕೆ ಕುಂಕುಮ ಹಚ್ಚಿ ಕೈ ಮುಗಿಯುತ್ತಾರೆ. ಚಿಕ್ಕವನಿದ್ದಾಗ ನನಗೆ ಮಾತ್ರ ಅದು ಆಶೀರ್ವಾದದ ಕೈ ಅನ್ನಿಸುತ್ತಿರಲಿಲ್ಲ. ‘ನಿಲ್ಲಿಸ್ರೋ’ ಅಂತ ಕೂಗುವ ಕೈ ಅನ್ನಿಸುತ್ತಿತ್ತು.

ಆ ಕೈ ಹಿಡಿದುಕೊಂಡೇ ನಾನೂ ನನ್ನ ಗೆಳೆಯನೂ ಒಂದು ಕಾಮಿಕ್ಸ್ ಮಾಡಿದೆವು. ಬರೆದವನು ನಾನು, ಚಿತ್ರ ಅವನದು. 24 ಪುಟ, ಕಪ್ಪು ಬಿಳುಪು, ಸ್ವಂತ ದುಡ್ಡು. ನಾಯಕಿಯ ಹೆಸರು ಹೊನ್ನಿ. ಹೊಲದ ಆಸೆಗೆ ಮೈದುನರು ಬಲವಂತವಾಗಿ ಬೆಂಕಿಗೆ ದೂಡಿದವಳು. ಆಮೇಲೆ ಅವರೇ ಕಲ್ಲು ನಿಲ್ಲಿಸಿ ದೇವರು ಮಾಡಿದರು. ಈಗ ಯಾರಾದರೂ ಆ ಕಲ್ಲಿನ ಮುಂದೆ ನಿಂತು ಸುಳ್ಳು ಆಣೆ ಇಟ್ಟರೆ ಹೊನ್ನಿ ಎದ್ದು ಬರುತ್ತಾಳೆ. ಒಳ್ಳೆಯವಳಲ್ಲ. ಪೂರ್ತಿ ಕೆಟ್ಟವಳೂ ಅಲ್ಲ. ಇಂಥವಳನ್ನು ಇಂಗ್ಲಿಷಿನವರು ಆಂಟಿಹೀರೋಯಿನ್ ಎನ್ನುತ್ತಾರೆ. ಕನ್ನಡದಲ್ಲಿ ಪ್ರತಿನಾಯಕಿ ಎಂದರೆ ಎದುರಾಳಿ ಎಂದಾಗಿಬಿಡುತ್ತದೆ. ಅದಕ್ಕೆ ನಾನು ಸುಮ್ನೆ ಕತ್ತಲ ನಾಯಕಿ ಎಂದು ಕರೆಯುತ್ತೇನೆ.

ನಿಮಗೂ ಇಂಥ ಒಬ್ಬಳ ಕಥೆ ತಲೆಯಲ್ಲಿ ಕೂತಿದ್ದರೆ, ಪುಸ್ತಕ ಮಾಡುವ ದಾರಿ ಇಲ್ಲಿದೆ. ನಾವು ಎಡವಿದ ಕಡೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಹೆಜ್ಜೆ 1: ಅವಳ ಶಕ್ತಿಗೆ ಬೆಲೆ ಕಟ್ಟಿ

ಎಲ್ಲರೂ ಶುರು ಮಾಡುವುದು ಶಕ್ತಿಯಿಂದ. ಹಾರುತ್ತಾಳೆ, ಗೋಡೆ ದಾಟುತ್ತಾಳೆ, ಕಣ್ಣಲ್ಲಿ ಬೆಂಕಿ ಬರುತ್ತದೆ. ಅದನ್ನು ಆಮೇಲೆ ನೋಡಿಕೊಳ್ಳಿ. ಮೊದಲು ಒಂದು ಹಾಳೆಯಲ್ಲಿ ಇದನ್ನು ಬರೆಯಿರಿ: ಆ ಶಕ್ತಿ ಬಳಸಿದಾಗಲೆಲ್ಲ ಅವಳು ಏನು ಕಳೆದುಕೊಳ್ಳುತ್ತಾಳೆ?

ಅಮೆರಿಕದ ‘ಮಾನ್‌ಸ್ಟ್ರೆಸ್’ ಇದಕ್ಕೆ ಒಳ್ಳೆಯ ಪಾಠ. ಮಾರ್ಜರಿ ಲಿಯು ಬರೆದು ಸನಾ ತಕೇಡ ಚಿತ್ರ ಬಿಡಿಸಿದ ಈ ಸರಣಿ 2015ರಲ್ಲಿ ಇಮೇಜ್ ಕಾಮಿಕ್ಸ್‌ನಿಂದ ಶುರುವಾಯಿತು. ನಾಯಕಿ ಮೈಕಾಳ ಮೈಯೊಳಗೆ ಒಂದು ಪುರಾತನ ರಾಕ್ಷಸ ವಾಸ ಮಾಡುತ್ತದೆ. ಅದು ಎದ್ದಾಗ ಅವಳಿಗೆ ಎಲ್ಲಿಲ್ಲದ ಬಲ. ಆದರೆ ಅದಕ್ಕೆ ಹಸಿವು, ಆ ಹಸಿವಿಗೆ ಪಕ್ಕದಲ್ಲಿದ್ದವರು ಯಾರು ಅನ್ನುವ ಲೆಕ್ಕವಿಲ್ಲ. ಅವಳು ಗೆದ್ದ ಪುಟದಲ್ಲೂ ನಮಗೆ ಖುಷಿಯ ಜೊತೆ ಭಯವಾಗುವುದು ಇದರಿಂದಲೇ. 2018ರಲ್ಲಿ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಲೇಖಕಿ ಎಂದು ಗೆದ್ದ ಮೊದಲ ಹೆಂಗಸು ಲಿಯು.

ಹೊನ್ನಿಯ ಬೆಲೆ ಬಳೆ. ಕೈಯಲ್ಲಿ ಹನ್ನೆರಡು ಬಳೆ. ಒಬ್ಬ ಸುಳ್ಳುಗಾರನಿಗೆ ಶಿಕ್ಷೆ ಕೊಟ್ಟರೆ ಒಂದು ಬಳೆ ಒಡೆಯುತ್ತದೆ. ಬಳೆ ಒಡೆದ ಕೂಡಲೇ ಬದುಕಿದ್ದಾಗ ಕಂಡಿದ್ದ ಒಬ್ಬರನ್ನು ಅವಳು ಮರೆಯುತ್ತಾಳೆ. ಮೊದಲು ಪಕ್ಕದ ಮನೆಯವಳನ್ನು. ಆಮೇಲೆ ಅವ್ವನನ್ನು. ಹನ್ನೆರಡೂ ಒಡೆದರೆ ತನಗೆ ಯಾಕೆ ಸಿಟ್ಟು ಅನ್ನುವುದೇ ಅವಳಿಗೆ ನೆನಪಿರುವುದಿಲ್ಲ. ಸಿಟ್ಟು ಮಾತ್ರ ಉಳಿಯುತ್ತದೆ.

ಬೆಲೆ ಕಣ್ಣಿಗೆ ಕಾಣುವ ಹಾಗಿರಲಿ. ‘ಅವಳ ಆತ್ಮ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ’ ಎಂದು ಬರೆದರೆ ಚಿತ್ರ ಬಿಡಿಸುವವನು ಏನು ಮಾಡಬೇಕು ಪಾಪ? ಬಳೆಯನ್ನಾದರೆ ಎಣಿಸಬಹುದು. ಓದುವವರೂ ಎಣಿಸುತ್ತಾರೆ. ಎಣಿಸಿದ್ದಾರೆ ಕೂಡ, ಆ ಮಾನ ಹೋದ ಕಥೆ ಕೊನೆಗೆ ಹೇಳುತ್ತೇನೆ.

ಹೆಜ್ಜೆ 2: ಒಂದು ತಪ್ಪು ಮಾಡಿಸಿ

ಮೊದಲ ಕರಡಿನಲ್ಲಿ ಹೊನ್ನಿ ಬರೀ ಕೆಟ್ಟವರನ್ನೇ ಹಿಡಿಯುತ್ತಿದ್ದಳು. ಬಡ್ಡಿ ಸಾಹುಕಾರ, ಹೆಂಡತಿಗೆ ಹೊಡೆಯುವವನು, ಕೆರೆ ನುಂಗಿದವನು. ನನಗೆ ತುಂಬ ತೃಪ್ತಿ. ಅಕ್ಕನಿಗೆ ಓದಲು ಕೊಟ್ಟೆ. ಓದಿ ಮುಗಿಸಿ, ‘ಲೋ, ಇವಳು ದೆವ್ವಾನೋ ಸಬ್ ಇನ್ಸ್‌ಪೆಕ್ಟರೋ?’ ಎಂದಳು.

ಸರಿಯಾಗೇ ಹೇಳಿದ್ದಳು. ತಪ್ಪು ಮಾಡಿದವರಿಗೆ ಮಾತ್ರ ಶಿಕ್ಷೆ ಕೊಡುವ ದೆವ್ವ ಕತ್ತಲ ನಾಯಕಿ ಅಲ್ಲ, ಸೀರೆ ಉಟ್ಟ ನ್ಯಾಯಾಲಯ. ಅದಕ್ಕೆ 12ನೇ ಪುಟ ಸೇರಿಸಿದೆವು. ಅಪ್ಪನ ಏಟಿಗೆ ಹೆದರಿ ಕಲ್ಲಿನ ಮುಂದೆ ಸುಳ್ಳು ಹೇಳುವ ಒಂಬತ್ತು ವರ್ಷದ ಹುಡುಗ. ಹೊನ್ನಿಯ ಪಾಲಿಗೆ ಸುಳ್ಳು ಎಂದರೆ ಸುಳ್ಳು. ಅವನ ದನಿ ಕಿತ್ತುಕೊಂಡು ಹೋಗುತ್ತಾಳೆ. ಮುಂದಿನ ಪುಟಗಳಲ್ಲಿ ಅವಳು ಎಂಥ ಪಾಪಿಯನ್ನು ಹಿಡಿದರೂ ಆ ಮೂಕ ಹುಡುಗ ಚೌಕಟ್ಟಿನ ಮೂಲೆಯಲ್ಲಿ ಎಲ್ಲೋ ನಿಂತಿರುತ್ತಾನೆ. ಅವನ ಬಗ್ಗೆ ಒಂದು ಮಾತೂ ಬರೆದಿಲ್ಲ. ನೋಡಿದವರಿಗೆ ಕಾಣುತ್ತಾನೆ.

ನಿಮ್ಮ ನಾಯಕಿಯೂ ಓದುವವರಿಗೆ ಕ್ಷಮಿಸಲು ಕಷ್ಟವಾಗುವ ಒಂದು ಕೆಲಸ ಮಾಡಲಿ. ಒಂದೇ ಸಾಕು. ಅದನ್ನು ಪುಸ್ತಕದ ನಡುವಿನಲ್ಲಿ ಇಡಿ. ಮೊದಲೇ ಇಟ್ಟರೆ ಓದುವವರು ಅವಳನ್ನು ಬಿಟ್ಟು ಹೋಗುತ್ತಾರೆ. ಕೊನೆಗಿಟ್ಟರೆ ಅದು ಬರೀ ಟ್ವಿಸ್ಟ್ ಆಗುತ್ತದೆ.

ಹೆಜ್ಜೆ 3: ಊರಿನ ದೆವ್ವಗಳಿಂದ ಸಾಲ ತನ್ನಿ, ದೈವಗಳಿಂದ ಬೇಡ

ನಮ್ಮಲ್ಲಿ ಸರಕಿಗೆ ಬರವಿಲ್ಲ. ಹುಣಸೆ ಮರದ ಮೋಹಿನಿ, ಹಿಂದುಮುಂದಾದ ಪಾದ, ಮಲೆನಾಡಿನ ಗದ್ದೆ ಬಯಲಲ್ಲಿ ದೀಪದಂತೆ ಓಡಾಡುವ ಕೊಳ್ಳಿದೆವ್ವ. 1990ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ನೆನಪಿರಬಹುದು. ರಾತ್ರಿ ಮನೆಯವರ ದನಿಯಲ್ಲೇ ಕರೆಯುವ ದೆವ್ವ, ಬಾಗಿಲ ಮೇಲಿನ ಬರಹ ಓದಿ ವಾಪಸ್ ಹೋಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ. ಆ ಕಥೆ ಯಾಕೆ ಹಬ್ಬಿತು ಗೊತ್ತಾ? ನಿಯಮ ಚೊಕ್ಕವಾಗಿದೆ. ದೆವ್ವಕ್ಕೆ ಓದು ಬರುತ್ತದೆ, ಮಾತಿಗೆ ಕಟ್ಟುಬೀಳುತ್ತದೆ, ಆದರೆ ನೆನಪಿಟ್ಟುಕೊಳ್ಳುವುದಿಲ್ಲ. ನಿಮ್ಮ ನಿಯಮವೂ ಇಷ್ಟೇ ಚಿಕ್ಕದಿರಲಿ. ಮೂರು ವಾಕ್ಯದಲ್ಲಿ ಅಜ್ಜಿಗೆ ಹೇಳಲಾಗದಿದ್ದರೆ ಅದು ದೊಡ್ಡದಾಯಿತು ಎಂದೇ ಲೆಕ್ಕ.

ಒಂದು ಎಚ್ಚರಿಕೆ. ತುಳುನಾಡಿನ ಕಲ್ಲುರ್ಟಿಯ ಕಥೆ ಕೇಳಿದರೆ ಯಾವ ಕಾಮಿಕ್ಸ್ ಬರಹಗಾರನಿಗೂ ಕೈ ತುರಿಸುತ್ತದೆ. ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ. ಅದನ್ನು ಕೆತ್ತಿದವನು ಕಲ್ಕುಡ, ಇನ್ನೆಲ್ಲೂ ಇಂಥದ್ದು ಕೆತ್ತಬಾರದು ಎಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ, ಅದಕ್ಕೆ ತಂಗಿ ಕಲ್ಲುರ್ಟಿ ಸೇಡು ತೀರಿಸಿಕೊಂಡಳು ಎಂದು ತುಳುವಿನ ಹಾಡುಗಥೆ ಪಾಡ್ದನ ಹೇಳುತ್ತದೆ. ಎಂಥ ನಾಯಕಿ, ಅಲ್ವಾ? ಆದರೆ ಅವಳು ಕಥೆಯ ಪಾತ್ರ ಮಾತ್ರ ಅಲ್ಲ. ಇವತ್ತಿಗೂ ಕೋಲ ನಡೆಯುವ, ಜನ ನಂಬಿ ಹರಕೆ ಹೇಳಿಕೊಳ್ಳುವ ದೈವ. ಅವಳ ಹೆಸರು, ಕೋಲದಲ್ಲಿ ಬೆನ್ನಿಗೆ ಕಟ್ಟುವ ಅಣಿ, ಮುಖವರ್ಣಿಕೆ ಎತ್ತಿಕೊಂಡು ಹಾರರ್ ಕಾಮಿಕ್ಸ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆ ಸಿಟ್ಟಿನ ಕಟ್ಟಡ ನೋಡಿ ಕಲಿಯಿರಿ. ದೊಡ್ಡ ಸುಂದರ ಕೆಲಸ, ಅದರ ಹಿಂದೆ ಒಂದು ಕಡಿದ ಕೈ, ಆ ಕೈಗೆ ಉತ್ತರ ಕೇಳುವ ತಂಗಿ. ಪಾತ್ರವನ್ನು ಮಾತ್ರ ನೀವೇ ಹುಟ್ಟಿಸಿ.

ಮಾಸ್ತಿಕಲ್ಲಿನ ವಿಷಯದಲ್ಲೂ ನಾವು ಯಾವ ಊರಿನ ಕಲ್ಲನ್ನೂ ಇದ್ದ ಹಾಗೇ ಬಿಡಿಸಲಿಲ್ಲ. ಆ ಊರಿನಲ್ಲಿ ಕಲ್ಲಿನ ಹೆಂಗಸಿನ ವಂಶದವರು ಇರಬಹುದಲ್ಲ.

ಹೆಜ್ಜೆ 4: ಅಳತೆ ಚಿಕ್ಕದಿರಲಿ, ಬಣ್ಣ ಬೇಡ

ಮುನ್ನೂರು ಪುಟದ ಮಹಾಕಾವ್ಯ ಬೇಡ. ಮೊದಲು 8 ಪುಟದ ಒಂದು ಕಥೆ ಮುಗಿಸಿ. ಮುಗಿಸುವುದು ಹೇಗೆ ಅನ್ನುವುದೇ ಇಲ್ಲಿ ಕಲಿಯಬೇಕಾದ ವಿದ್ಯೆ. ಆಮೇಲೆ 24 ಪುಟಕ್ಕೆ ಬನ್ನಿ. ಪುಟದ ಲೆಕ್ಕ ಯಾವಾಗಲೂ ನಾಲ್ಕರ ಮಡಿಯಲ್ಲಿರಲಿ. ಒಂದು ಹಾಳೆ ಮಡಚಿದರೆ ನಾಲ್ಕು ಪುಟ, ನಡುವೆ ಪಿನ್ ಹೊಡೆದರೆ ಪುಸ್ತಕ. 22 ಪುಟ ಬರೆದುಕೊಂಡು ಪ್ರೆಸ್ಸಿಗೆ ಹೋದರೆ ಎರಡು ಪುಟ ಖಾಲಿ ಬರುತ್ತವೆ.

ಕಪ್ಪು ಬಿಳುಪು ಬಡವರ ದಾರಿ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 1954ರಲ್ಲಿ ಕಾಮಿಕ್ಸ್ ಕಂಪನಿಗಳೇ ಸೇರಿ ಕಾಮಿಕ್ಸ್ ಕೋಡ್ ಎಂಬ ಕಟ್ಟಳೆ ಮಾಡಿಕೊಂಡವು. ರಕ್ತಪಿಶಾಚಿ, ನಡೆಯುವ ಹೆಣ, ತೋಳಮನುಷ್ಯ ಎಲ್ಲಕ್ಕೂ ನಿಷೇಧ. ವಾರೆನ್ ಎಂಬ ಚಿಕ್ಕ ಪ್ರಕಾಶನ ಒಂದು ಉಪಾಯ ಮಾಡಿತು. ದೊಡ್ಡ ಅಳತೆಯಲ್ಲಿ, ಒಳಗೆಲ್ಲ ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿ, ‘ಇದು ಕಾಮಿಕ್ಸ್ ಅಲ್ಲ, ಮ್ಯಾಗಜೀನ್’ ಎಂದಿತು. ಮ್ಯಾಗಜೀನಿಗೆ ಕೋಡ್ ಇರಲಿಲ್ಲ. 1969ರಲ್ಲಿ ರಕ್ತಪಿಶಾಚಿ ನಾಯಕಿ ‘ವ್ಯಾಂಪಿರೆಲ್ಲಾ’ ಬಂದಿದ್ದು ಹೀಗೆ. ಕೋಡ್ ಸಡಿಲವಾಗಿದ್ದು 1971ರಲ್ಲಿ, ಅಷ್ಟು ಹೊತ್ತಿಗೆ ಅವಳು ಓದುಗರಿಗೆ ಪರಿಚಯವಾಗಿದ್ದಳು.

ನಾವು ಎ5 ಅಳತೆ ಹಿಡಿದೆವು. ಚಿತ್ರವನ್ನು ಎ4 ಹಾಳೆಯಲ್ಲಿ ಬಿಡಿಸಿ ಕಿರಿದು ಮಾಡಿದರೆ ಸುಮಾರು ಶೇ 71ಕ್ಕೆ ಇಳಿಯುತ್ತದೆ. ಗೆರೆ ಚೊಕ್ಕವಾಗುತ್ತದೆ, ಕೈ ನಡುಗಿದ್ದು ಮುಚ್ಚಿಹೋಗುತ್ತದೆ. ಆದರೆ ತೀರಾ ತೆಳು ಗೆರೆ ಮಾಯವಾಗುತ್ತದೆ, ಹಾಗಾಗಿ 0.1 ಪೆನ್ನಿನಲ್ಲಿ ಕೂದಲು ಬಿಡಿಸಲು ಹೋಗಬೇಡಿ. ಎ5 ಪುಟಕ್ಕೆ ನಾಲ್ಕು ಚೌಕಟ್ಟು ಸರಿ, ಐದು ಆಗಬಹುದು. ಆರಾದರೆ ಪಡಿತರ ಚೀಟಿ ಓದಿದಂತಾಗುತ್ತದೆ.

ಹೆಜ್ಜೆ 5: ಡಮ್ಮಿ ಮಾಡಿ, ಹಾಳೆ ತಿರುವಿ

ಬರೆದ ಕಥೆಯನ್ನು ಪುಟ ಪುಟಕ್ಕೆ ಹಂಚಿ. ಪ್ರತಿ ಪುಟಕ್ಕೂ ಏನು ಕಾಣುತ್ತದೆ, ಯಾರು ಏನು ಹೇಳುತ್ತಾರೆ, ಇಷ್ಟೇ ಬರೆಯಿರಿ. ಒಂದು ಚೌಕಟ್ಟಿನಲ್ಲಿ ಒಂದೇ ಕೆಲಸ. ‘ಬಾಗಿಲು ತೆರೆದು, ಒಳಗೆ ಬಂದು, ಹೆದರಿ ಕಿರುಚುತ್ತಾನೆ’ ಎಂದರೆ ಅದು ಮೂರು ಚೌಕಟ್ಟು.

ಈಗ ಆರು ಖಾಲಿ ಎ4 ಹಾಳೆ ತಗೊಂಡು ಒಟ್ಟಿಗೆ ಮಡಚಿ ನಡುವೆ ಪಿನ್ ಹೊಡೆಯಿರಿ. 24 ಪುಟದ ಡಮ್ಮಿ ಸಿದ್ಧ. ಪುಟಸಂಖ್ಯೆ ಹಾಕಿ, ಬೆರಳುದ್ದದ ಕಡ್ಡಿಬೊಂಬೆಗಳಲ್ಲಿ ಇಡೀ ಕಥೆ ಬಿಡಿಸಿ. ಇದಕ್ಕೆ ಎರಡು ಸಂಜೆ ಸಾಕು, ಉಳಿಸುವುದು ಎರಡು ತಿಂಗಳನ್ನು.

ಡಮ್ಮಿ ಕೈಗೆ ಬಂದಾಗಲೇ ಗೊತ್ತಾಗುವ ಒಂದು ಗುಟ್ಟಿದೆ. 1ನೇ ಪುಟ ಬಲಗಡೆ ಬರುತ್ತದೆ. ಅಲ್ಲಿಂದ ಎಲ್ಲ ಬೆಸ ಪುಟ ಬಲಕ್ಕೆ, ಸಮ ಪುಟ ಎಡಕ್ಕೆ. ಹಾಳೆ ತಿರುವಿದ ಕೂಡಲೇ ಕಣ್ಣಿಗೆ ಬೀಳುವುದು ಸಮ ಪುಟ. ಬೆಚ್ಚಿಬೀಳಿಸುವ ಚಿತ್ರ ಏನಿದ್ದರೂ ಅಲ್ಲೇ ಇರಬೇಕು. 5ನೇ ಪುಟದಲ್ಲಿ ದೆವ್ವ ಇಟ್ಟರೆ, 4ನೇ ಪುಟ ಓದುತ್ತಿರುವವನ ಕಣ್ಣಿನ ಮೂಲೆಗೆ ಅದು ಮೊದಲೇ ಬಿದ್ದಿರುತ್ತದೆ. 24 ಪುಟದಲ್ಲಿ ಹನ್ನೆರಡು ಸಲ ಹಾಳೆ ತಿರುವುತ್ತೇವೆ. ಹನ್ನೆರಡೇ ಅವಕಾಶ.

ಹನ್ನೆರಡು ತಿರುವು, ಹನ್ನೆರಡು ಬಳೆ! ನಾನು ಕುಣಿದಾಡಿಬಿಟ್ಟೆ. ಪ್ರತಿ ತಿರುವಿಗೂ ಒಂದು ಬಳೆ ಒಡೆಸಿದೆ. ಡಮ್ಮಿ ಓದಿ ನೋಡಿದರೆ ಗೋಡೆ ಗಡಿಯಾರ ನೋಡಿದ ಹಾಗಾಯಿತು. ಮೂರನೇ ತಿರುವಿಗೆ ಎಲ್ಲ ಗೊತ್ತಾಗಿಹೋಯಿತು, ಹೆದರಿಕೆ ಎಲ್ಲಿಂದ ಬರಬೇಕು? ಕೊನೆಗೆ ಐದೇ ಬಳೆ ಒಡೆಸಿದೆವು, ಪುಟ 4, 10, 12, 18 ಮತ್ತು 24ರಲ್ಲಿ. 10 ಮತ್ತು 12 ಒಂದರ ಬೆನ್ನಿಗೊಂದು ಬರುವುದು ಬೇಕೆಂದೇ ಮಾಡಿದ್ದು. ಅವ್ವನನ್ನು ಮರೆತ ಬೆನ್ನಿಗೇ ಹುಡುಗನನ್ನು ಹಿಡಿಯುತ್ತಾಳೆ. 24ನೇ ಪುಟದಲ್ಲಿ ಅವಳು ಮರೆಯುವುದು ಸ್ವಂತ ಮಗಳ ಹೆಸರನ್ನು. ಏಳು ಬಳೆ ಉಳಿದಿವೆ.

ಹೆಜ್ಜೆ 6: ಕಪ್ಪನ್ನು ಉಳಿಸಿ, ಅವಳನ್ನೂ ಉಳಿಸಿ

ದೆವ್ವದ ಕಥೆ ಎಂದರೆ ಎಲ್ಲ ಕಡೆ ಮಸಿ ಸುರಿಯಬೇಕು ಅನ್ನಿಸುತ್ತದೆ. ಮಾಡಬೇಡಿ. ಕತ್ತಲು ಕಾಣಬೇಕಾದರೆ ಪಕ್ಕದಲ್ಲಿ ಬಿಳಿ ಬೇಕು. ಬಯಲುಸೀಮೆಯ ಮಟಮಟ ಮಧ್ಯಾಹ್ನ, ಬಿಳಿ ಹಾಳೆ, ಅದರ ಮೇಲೆ ಒಂದೇ ಒಂದು ಕಪ್ಪು ಕೈ. ನಡುರಾತ್ರಿಯ ಹತ್ತು ಚಿತ್ರಗಳಿಗಿಂತ ಇದು ಜಾಸ್ತಿ ಹೆದರಿಸುತ್ತದೆ. ಎಲ್ಲಿ ಅಚ್ಚ ಕಪ್ಪು, ಎಲ್ಲಿ ಬರೀ ಗೆರೆ ಎಂದು ಡಮ್ಮಿಯಲ್ಲೇ ಮಾರ್ಕರ್‌ನಿಂದ ಗುರುತು ಹಾಕಿ, ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ.

ನಾಯಕಿಯನ್ನೂ ಹಾಗೆಯೇ ಜಿಪುಣತನದಿಂದ ತೋರಿಸಿ. ಮೊದಲ ಒಂಬತ್ತು ಪುಟದಲ್ಲಿ ಹೊನ್ನಿಯ ಕೈ ಮಾತ್ರ ಕಾಣುತ್ತದೆ. ಬಾವಿ ಕಟ್ಟೆಯ ಮೇಲೆ, ಬಸ್ಸಿನ ಕಿಟಕಿಯ ಹೊರಗೆ, ತೊಟ್ಟಿಲ ಅಂಚಿನಲ್ಲಿ. ಮುಖ ಕಾಣುವುದು 10ನೇ ಪುಟದಲ್ಲಿ, ಅವ್ವನನ್ನು ಮರೆತ ಕ್ಷಣದಲ್ಲಿ. ಚಿತ್ರ ಬಿಡಿಸುವವನಿಗೆ ಕೆಲಸವೂ ಕಮ್ಮಿ ಎನ್ನುವುದನ್ನು ಇಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಬಟ್ಟೆಯ ವಿಷಯ ಬಂದೇ ಬರುತ್ತದೆ. 1990ರ ದಶಕದಲ್ಲಿ ಅಮೆರಿಕದ ಸ್ವತಂತ್ರ ಕಾಮಿಕ್ಸ್‌ನಲ್ಲಿ ‘ಬ್ಯಾಡ್ ಗರ್ಲ್’ ಎಂಬ ಹುಚ್ಚೇ ಎದ್ದಿತ್ತು. ನರಕದ ರಾಣಿಯರು, ರಕ್ತದ ಕತ್ತಿಗಳು, ಮೈಮೇಲೆ ಕರವಸ್ತ್ರದಷ್ಟು ಬಟ್ಟೆ. ಮುಖಪುಟ ನೋಡಿ ಜನ ಕೊಂಡರು, ನಿಜ. ಹತ್ತು ಪುಸ್ತಕ ಒಟ್ಟಿಗೆ ಇಟ್ಟರೆ ಯಾವಳು ಯಾರು ಅಂತ ಗೊತ್ತಾಗುವುದಿಲ್ಲ, ಇದೂ ನಿಜ. ಬಟ್ಟೆ ಕಥೆ ಹೇಳಬೇಕು. ಹೊನ್ನಿಯ ಸೀರೆಯ ಸೆರಗು ಸುಟ್ಟಿದೆ, ಪ್ರತಿ ಚಿತ್ರದಲ್ಲೂ ಅಂಚು ಇನ್ನೂ ಹೊಗೆಯಾಡುತ್ತದೆ. ಅಷ್ಟೇ ಅವಳ ಗುರುತು.

ಹೆಜ್ಜೆ 7: ಕನ್ನಡ ಅಕ್ಷರಕ್ಕೆ ಜಾಗ ಬಿಡಿ

ಇಂಗ್ಲಿಷಿನಲ್ಲಿರುವ ಕಾಮಿಕ್ಸ್ ಪಾಠಗಳು ಇಲ್ಲಿ ನಮ್ಮ ಕೈ ಬಿಡುತ್ತವೆ. ಅವರು ಎಲ್ಲ ಮಾತನ್ನೂ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ನಮಗೆ ದೊಡ್ಡಕ್ಷರ ಇಲ್ಲ, ಒತ್ತಕ್ಷರ ಇದೆ. ಎರಡು ಸಾಲಿನ ನಡುವೆ ಜಾಗ ಕಮ್ಮಿಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ 10 ಪಾಯಿಂಟ್ ಇದ್ದರೆ ಸಾಲಿನ ಅಂತರ 14 ಅಥವಾ 15 ಇಡಿ. ಮಾತು ಬರೆಯುವ ಗುಳ್ಳೆ ದೊಡ್ಡದಾಗುತ್ತದೆ, ಹಾಗಾಗಿ ಚಿತ್ರ ಬಿಡಿಸುವ ಮೊದಲೇ ಗುಳ್ಳೆಯ ಜಾಗ ಗುರುತು ಹಾಕಿ. ಮುಖ ಬಿಡಿಸಿದ ಮೇಲೆ ಜಾಗ ಹುಡುಕಿದರೆ ಗುಳ್ಳೆ ಹಣೆಯ ಮೇಲೆ ಕೂರುತ್ತದೆ.

ನಮ್ಮ ಪದಗಳೂ ಉದ್ದ. ‘ಹೊರಟುಹೋಗಿಬಿಟ್ಟಿದ್ದಾಳೆ’ ಒಂದೇ ಪದ, ಒಂದು ಗುಳ್ಳೆಯ ಅಗಲ. ಅದನ್ನೇ ‘ಹೋಗ್ಬಿಟ್ಳು’ ಎಂದರೆ ಜಾಗವೂ ಉಳಿಯಿತು, ಜೀವವೂ ಬಂತು. ಕಾಮಿಕ್ಸ್‌ನಲ್ಲಿ ಮಾತು ಮಾತಿನಂತೆಯೇ ಇರಬೇಕು. ಒಂದು ಗುಳ್ಳೆಗೆ ಹನ್ನೆರಡು ಪದ ದಾಟಿಸಬೇಡಿ. ಹಳೆಯ ಕಾಲದ ದೆವ್ವ ಎಂದು ಹಳಗನ್ನಡ ಮಾತಾಡಿಸಲೂ ಬೇಡಿ, ನಗು ಬರುತ್ತದೆ. ಹೊನ್ನಿ ಕೋಲಾರದ ಕಡೆಯ ಅಜ್ಜಿಯಂತೆ ಮಾತಾಡುತ್ತಾಳೆ, ಕಮ್ಮಿ ಮಾತಾಡುತ್ತಾಳೆ.

ಕಂಪ್ಯೂಟರಿನಲ್ಲಿ ಅಕ್ಷರ ಹಾಕುವಾಗ ಯುನಿಕೋಡ್ ಫಾಂಟ್ ಬಳಸಿ. ಬಲೂ ತಮ್ಮ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಇವೆಲ್ಲ ಪುಕ್ಕಟೆ ಸಿಗುತ್ತವೆ, ಪುಸ್ತಕ ಮಾರಾಟಕ್ಕೂ ಬಳಸಬಹುದು. ಗುಳ್ಳೆಗೆ ಬಲೂ ತಮ್ಮದ ದುಂಡು ಚೆನ್ನಾಗಿ ಒಪ್ಪುತ್ತದೆ. ಮೊದಲು ‘ಸ್ತ್ರೀ’, ‘ರಾಷ್ಟ್ರ’, ‘ಸೂರ್ಯ’ ಎಂದು ಟೈಪ್ ಮಾಡಿ ನೋಡಿ. ಒತ್ತುಗಳು ಕೆಳಗೆ ಸರಿಯಾಗಿ ಕೂತರೆ ಸರಿ. ಬಿಡಿಬಿಡಿಯಾಗಿ ಅರ್ಧಾಕ್ಷರದ ಗುರುತು (್) ಹಾಕಿಕೊಂಡು ನಿಂತರೆ ಆ ತಂತ್ರಾಂಶ ಕನ್ನಡವನ್ನು ಜೋಡಿಸುತ್ತಿಲ್ಲ ಎಂದರ್ಥ. ಹಳೆಯ ಫೋಟೋಶಾಪ್ ಆದರೆ ಸೆಟ್ಟಿಂಗ್ಸ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆಯ್ಕೆ ಮಾಡಿ. ದುಡ್ಡಿಲ್ಲದಿದ್ದರೆ ಇಂಕ್‌ಸ್ಕೇಪ್ ಇದೆ, ಪುಕ್ಕಟೆ, ಒತ್ತಕ್ಷರಗಳನ್ನು ಚೆನ್ನಾಗಿ ಜೋಡಿಸುತ್ತದೆ. ಕೆಲಸ ಮುಗಿದ ಮೇಲೆ ಒಂದು ಪ್ರತಿ ಹಾಗೇ ಇಟ್ಟುಕೊಂಡು, ಇನ್ನೊಂದರಲ್ಲಿ ಅಕ್ಷರಗಳನ್ನೆಲ್ಲ ಪಾತ್ (ಅಂದರೆ ಬರೀ ಗೆರೆಯ ಆಕಾರ) ಆಗಿ ಬದಲಾಯಿಸಿ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ.

ಸದ್ದುಗಳನ್ನು ಮಾತ್ರ ಕೈಯಲ್ಲೇ ಬರೆಯಿರಿ. ಇದರಲ್ಲಿ ಕನ್ನಡ ಶ್ರೀಮಂತ. ಧಡಾರ್, ಸರಸರ, ಕಿರ್ರ್, ಗವ್ ಎನ್ನುವ ಕತ್ತಲು, ಬಿಕೋ ಎನ್ನುವ ಬೀದಿ. ಸದ್ದಿಲ್ಲದಿರುವುದಕ್ಕೂ ನಮ್ಮಲ್ಲಿ ಸದ್ದಿದೆ ನೋಡಿ. ಬಳೆ ಒಡೆಯುವ ‘ಫಳ್’ ಅನ್ನು ಗೆಳೆಯ ಇಪ್ಪತ್ತು ಸಲ ಬರೆದ. ‘ಳ್’ನ ತುದಿ ಗಾಜಿನ ಚೂರಿನಂತೆ ಕಾಣುವವರೆಗೆ ಬಿಡಲಿಲ್ಲ.

ಹೆಜ್ಜೆ 8: ಗೆಳೆತನ ಇರುವಾಗಲೇ ಕಾಗದ ಮಾಡಿಕೊಳ್ಳಿ

ಬೇಸರದ ಹೆಜ್ಜೆ, ಆದರೆ ಹಾರಿಸಬೇಡಿ. ‘ಲೇಡಿ ಡೆತ್’ ಎಂಬ ನಾಯಕಿಯ ಪಾಡು ಕೇಳಿ. ಬ್ರಯನ್ ಪುಲಿಡೊ ಎಂಬ ಬರಹಗಾರ ಚಿತ್ರಕಾರ ಸ್ಟೀವನ್ ಹ್ಯೂಸ್ ಜೊತೆ ಸೇರಿ ಹುಟ್ಟಿಸಿದ್ದು. 1991ರಲ್ಲಿ ಬೇರೊಂದು ಪಾತ್ರದ ಕಾಮಿಕ್ಸ್‌ನಲ್ಲಿ ಮೊದಲು ಕಾಣಿಸಿಕೊಂಡಳು. ಪುಲಿಡೊ ಕಟ್ಟಿದ ಸ್ವಂತ ಕಂಪನಿಯ ದೊಡ್ಡ ತಾರೆ ಇವಳೇ ಆದಳು. 2002ರಲ್ಲಿ ಆ ಕಂಪನಿ ದಿವಾಳಿಯಾಯಿತು. ಪಾತ್ರಗಳು ಆಸ್ತಿಯಂತೆ ಮಾರಾಟವಾದವು. ಇವಳು ಒಂದು ಕಡೆ, ಜೊತೆಗಾರರು ಇನ್ನೊಂದು ಕಡೆ. ಆಮೇಲೆ ಒಂದೆರಡು ಮನೆ ಬದಲಾಯಿಸಿ ಅವಳು ಕೊನೆಗೆ ಪುಲಿಡೊನ ಹೊಸ ಕಂಪನಿಗೇ ಮರಳಿದಳು. ಈಗ ಓದುಗರಿಂದ ಮುಂಗಡ ಹಣ ಸೇರಿಸಿ ಅವಳ ಪುಸ್ತಕಗಳನ್ನು ತರುತ್ತಾರೆ. ಎಲ್ಲರಿಗೂ ಇಷ್ಟು ಅದೃಷ್ಟ ಇರುವುದಿಲ್ಲ. 1992ರಲ್ಲಿ ಏಳು ಚಿತ್ರಕಾರರು ಸೇರಿ ಇಮೇಜ್ ಕಾಮಿಕ್ಸ್ ಕಟ್ಟಿದ್ದೇ ಪಾತ್ರದ ಒಡೆತನ ಹುಟ್ಟಿಸಿದವರದೇ ಆಗಿರಲಿ ಎಂದು.

ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ, ಬರೆದಾಗಲೇ, ಬಿಡಿಸಿದಾಗಲೇ ಹುಟ್ಟುತ್ತದೆ. ಹಕ್ಕನ್ನು ಬೇರೆಯವರಿಗೆ ಬರೆದುಕೊಡುವುದಾದರೆ ಲಿಖಿತವಾಗಿಯೇ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಹಿಡಿಯುತ್ತದೆ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು. ಈ ಎರಡು ಸಾಲು ಗೊತ್ತಿದ್ದರೆ ಪ್ರಕಾಶಕರ ಜೊತೆ ಕೂತಾಗ ಬೆನ್ನು ನೆಟ್ಟಗಿರುತ್ತದೆ.

ನಾನೂ ಗೆಳೆಯನೂ ಒಂದು ಪುಟದ ಒಪ್ಪಂದ ಬರೆದುಕೊಂಡೆವು. ಹೊನ್ನಿ ಅರ್ಧ ಅರ್ಧ. ಮೂಲ ಚಿತ್ರಗಳು ಅವನವು. ಒಬ್ಬ ಬಿಟ್ಟುಹೋದರೆ ಇನ್ನೊಬ್ಬ ಮುಂದುವರಿಸಬಹುದು, ಆದರೆ ಮೊದಲ ಪುಸ್ತಕದ ಲಾಭದ ಪಾಲು ನಿಲ್ಲಬಾರದು. ಬರೆಯುವಾಗ ಮುಜುಗರವಾಯಿತು. ಕಾಫಿ ಕುಡಿದ ಮೇಲೆ ಹೋಯಿತು.

ಹೆಜ್ಜೆ 9: ಪ್ರೆಸ್ಸಿಗೆ ಹೋಗುವ ಮೊದಲು

ಗೆರೆಚಿತ್ರವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿ. ಬೂದು ಛಾಯೆ ಇದ್ದರೆ 300 ಸಾಕು. ಚಿತ್ರ ಪುಟದ ಅಂಚಿನವರೆಗೆ ಹೋಗುವುದಾದರೆ ನಾಲ್ಕೂ ಕಡೆ 3 ಮಿಮೀ ಜಾಸ್ತಿ ಬಿಡಿಸಿ, ಕಟ್ಟಿಂಗ್‌ನಲ್ಲಿ ಅದು ಹೋಗುತ್ತದೆ. ಅಕ್ಷರಗಳು ಅಂಚಿನಿಂದ ಕನಿಷ್ಠ 5 ಮಿಮೀ ಒಳಗಿರಲಿ. ಮುಖಪುಟ ಬಣ್ಣದ್ದಾದರೆ ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಮಸಿಗಳ ಲೆಕ್ಕಕ್ಕೆ, ಬದಲಾಯಿಸಿ. ಅಲ್ಲಿ ದೊಡ್ಡ ಕಪ್ಪು ಜಾಗಕ್ಕೆ ಬರೀ ಕಪ್ಪು ಮಸಿ ಹಾಕಿದರೆ ಬೂದಿಯಂತೆ ಕಾಣುತ್ತದೆ. ಕಪ್ಪು 100ರ ಜೊತೆಗೆ ನೀಲಿ 60, ಕೆಂಪು 40, ಹಳದಿ 40 ಸೇರಿಸಿದರೆ ಆಳ ಬರುತ್ತದೆ. ಅಕ್ಷರಕ್ಕೆ ಮಾತ್ರ ಬರೀ ಕಪ್ಪೇ ಇರಲಿ, ಇಲ್ಲದಿದ್ದರೆ ಅಂಚು ಮಸುಕಾಗುತ್ತದೆ.

100 ಪ್ರತಿ ಸಾಕೆಂದರೆ ಡಿಜಿಟಲ್ ಪ್ರಿಂಟ್. ಐನೂರು ದಾಟಿದರೆ ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಕೇಳಿ ನೋಡಿ, ಪ್ಲೇಟಿನ ಖರ್ಚು ಹಂಚಿಹೋಗುತ್ತದೆ. ನಾವು ದುರಾಸೆಯಿಂದ ಮೊದಲೇ ಆಫ್‌ಸೆಟ್‌ಗೆ ಹೋದೆವು. ಆಗಿನ್ನೂ ಆರನೇ ಹೆಜ್ಜೆಯ ಬುದ್ಧಿ ಬಂದಿರಲಿಲ್ಲ. 24ರಲ್ಲಿ 18 ಪುಟ ಅಚ್ಚ ಕಪ್ಪು. ಮಸಿ ಒಣಗುವ ಮೊದಲೇ ಕಟ್ಟು ಕಟ್ಟಿದ್ದರು. ತೆರೆದರೆ ಪ್ರತಿ ಬಿಳಿ ಪುಟದ ಮೇಲೂ ಎದುರು ಪುಟದ ದೆವ್ವದ ನೆರಳು ಮೂಡಿತ್ತು! ನೋಡಲು ಒಂಥರಾ ಚೆನ್ನಾಗೇ ಇತ್ತು, ಮಾರಲು ಆಗುವಂತಿರಲಿಲ್ಲ. ತಪ್ಪು ಅವರದೂ ಹೌದು, ಒಂದು ಪ್ರತಿ ಪ್ರೂಫ್ ಕೇಳದ ನಮ್ಮದೂ ಹೌದು. ಕಪ್ಪು ಕಮ್ಮಿ ಮಾಡಿ ಒಂಬತ್ತು ಪುಟ ಮತ್ತೆ ಬಿಡಿಸಿದೆವು. ಪುಸ್ತಕ ಚೆನ್ನಾಗಿ ಆಗಿದ್ದೇ ಆಗ.

ಹೆಜ್ಜೆ 10: ಮಾರಾಟ

ಪುಸ್ತಕದ ಗುರುತುಸಂಖ್ಯೆ, ಐಎಸ್‌ಬಿಎನ್, ಬೇಕಿದ್ದರೆ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಯಲ್ಲಿ ಆನ್‌ಲೈನ್ ಅರ್ಜಿ ಹಾಕಿ. ಪುಕ್ಕಟೆ, ಯಾರಿಗೂ ದುಡ್ಡು ಕೊಡಬೇಡಿ. ಓದುಗರಿಂದ ಮುಂಗಡ ಹಣ ಸೇರಿಸುವ ಕಿಕ್‌ಸ್ಟಾರ್ಟರ್ ತಾಣ ನೆಚ್ಚಿಕೊಳ್ಳಬೇಡಿ, ಭಾರತದಲ್ಲಿರುವವರು ಅಲ್ಲಿ ಯೋಜನೆ ತೆರೆಯುವಂತಿಲ್ಲ. ನಾವು ನಾಲ್ಕು ಪುಟ ವಾಟ್ಸಾಪಿನಲ್ಲಿ ಹಂಚಿ, ಯುಪಿಐನಲ್ಲಿ ಮುಂಗಡ ತಗೊಂಡೆವು. ಹಣ ಕೊಟ್ಟವರ ಹೆಸರನ್ನು ಪುಸ್ತಕದಲ್ಲೇ ಹಾಕಿದೆವು. ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಮೂರನೇ ಒಂದು ಭಾಗವೋ ಜಾಸ್ತಿಯೋ ಅವರಿಗೆ ಹೋಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿ ಬೆಲೆ ಇಡಿ. ಬೆಂಗಳೂರಿನ ಕಾಮಿಕ್ಸ್ ಮೇಳ ಕಾಮಿಕ್ ಕಾನ್ 2012ರಿಂದ ಇದೆ. ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಯಲ್ಲಿ ಯಾರದಾದರೂ ಮೇಜಿನ ಮೂಲೆ ಸಿಕ್ಕರೆ ಅದನ್ನೂ ಬಿಡಬೇಡಿ.

ಮುಖಪುಟದ ಮೇಲೆ ‘16 ವರ್ಷ ದಾಟಿದವರಿಗೆ’ ಎಂದು ದಪ್ಪಕ್ಷರದಲ್ಲಿ ಹಾಕಿ. ನಮ್ಮಲ್ಲಿ ಚಿತ್ರ ಇದ್ದರೆ ಮಕ್ಕಳ ಪುಸ್ತಕ ಎಂದೇ ಲೆಕ್ಕ. ಒಬ್ಬ ಅಜ್ಜ ಮೊಮ್ಮಗನ ಹುಟ್ಟುಹಬ್ಬಕ್ಕೆ ಎರಡು ಪ್ರತಿ ಎತ್ತಿಕೊಂಡಿದ್ದರು, ಓಡಿಹೋಗಿ ತಡೆದೆ.

ಇನ್ನು ಆ ಮಾನ ಹೋದ ಕಥೆ. ಮಳಿಗೆಯಲ್ಲಿ ಕಾಲೇಜು ಹುಡುಗಿಯೊಬ್ಬಳು ಅಲ್ಲೇ ನಿಂತು ಪೂರ್ತಿ ಓದಿದಳು. ಮತ್ತೆ ಹಿಂದಕ್ಕೆ ಹೋದಳು, ಬೆರಳಿಟ್ಟು ಎಣಿಸಿದಳು. ‘ಸರ್, 12ನೇ ಪುಟದಲ್ಲಿ ಒಡೆದ ಮೇಲೆ ಒಂಬತ್ತು ಇರಬೇಕಲ್ವಾ? 17ರಲ್ಲಿ ಹತ್ತು ಇದೆ. ಅವ್ವ ನೆನಪಾದಳಾ ಅವಳಿಗೆ?’

ನಾನು ಗೆಳೆಯನ ಮುಖ ನೋಡಿದೆ. ಅವನು ಮೇಜಿನ ಕೆಳಗೆ ಏನೋ ಹುಡುಕುತ್ತಿದ್ದ. ಈಗ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದೇವೆ, ಪುಟಸಂಖ್ಯೆ ಒಂದು ಕಡೆ, ಬಳೆಯ ಲೆಕ್ಕ ಇನ್ನೊಂದು ಕಡೆ. ಎರಡನೇ ಮುದ್ರಣಕ್ಕೆ ಮೊದಲು 17ನೇ ಪುಟ ತಿದ್ದಲು ಕೂತೆವು. ತಿದ್ದಲಿಲ್ಲ. ಆ ಹತ್ತನೇ ಬಳೆ ಯಾಕೆ ವಾಪಸ್ ಬಂತು ಅನ್ನುವುದರ ಮೇಲೆಯೇ ಎರಡನೇ ಪುಸ್ತಕದ ಡಮ್ಮಿ ನಡೆಯುತ್ತಿದೆ.